ಜೀಪಿನ ಗಂಟಲಲ್ಲೊಂದು ಮೇಕೆದಾಟು

ಚಿಕ್ಕಲಸಂದ್ರದ ನಮ್ಮ ಬೀದಿಯ ಕೊನೇ ಮನೆ ತಾತನ ಬಳಿ ಒಂದು ಹಳೇ ಪೆಟ್ರೋಲ್ ಜೀಪಿದೆ. ಸಕಲೇಶಪುರದ ಕಾಫಿ ತೋಟದಲ್ಲಿ ಗೊಬ್ಬರ, ಕಾಫಿ ಮೂಟೆ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು, ಈಗ ಬೆಂಗಳೂರಿಗೆ ಬಂದು ಹೊಂಗೆ ಮರದ ನೆರಳಲ್ಲಿ ನಿಂತಿದೆ. ಈ ಬೇಸಿಗೆ ರಜೆಯಲ್ಲಿ ಅದಕ್ಕೆ ಕೆಮ್ಮು ಹತ್ತಿತು. ಸ್ಟಾರ್ಟ್ ಆಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಗೊರ್ರೆಂದು ಆರಿಹೋಗುತ್ತದೆ. ಬೀದಿಯ ಮಕ್ಕಳೆಲ್ಲ ಸುತ್ತ ನಿಂತಿದ್ದರು. ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, “ಮಿಸ್ಸಿಂಗ್ ಹೊಡೀತಿದೆ ಸಾರ್. ಕಾರ್ಬೊರೇಟರ್ ಸವೆದುಹೋಗಿದೆ, ಬೇರೆ ಹಾಕಬೇಕು” ಎಂದ.

“ಹೇಗೂ ಹೊಸದು ತರ್ತೀರಲ್ಲ ತಾತ, ದೊಡ್ಡದೇ ತನ್ನಿ. ಇನ್ನೂ ಜೋರಾಗಿ ಓಡುತ್ತೆ” ಎಂದ ಪಕ್ಕದ ಮನೆ ಹುಡುಗ. ನಮ್ಮ ಪುಟ್ಟಿ ನನ್ನ ಕೈ ಜಗ್ಗಿ, “ಮಾವ, ಕಾರ್ಬೊರೇಟರ್ ಅಂದ್ರೇನು?” ಎಂದಳು.

ಎರಡೂ ಒಳ್ಳೆಯ ಮಾತುಗಳೇ. ಪುಟ್ಟಿಯ ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಗನ ಮಾತು ಸರಿಯೋ ತಪ್ಪೋ ತಾನಾಗಿಯೇ ಗೊತ್ತಾಗುತ್ತದೆ. ಅದಕ್ಕೇ ಅಲ್ಲಿಂದ ಶುರುಮಾಡೋಣ ಮಕ್ಕಳೇ.

ಇಂಜಿನ್ ಪೆಟ್ರೋಲ್ ಕುಡಿದು ಓಡುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಿಜ ನೋಡಿದರೆ ಅದು ಹೊಟ್ಟೆತುಂಬ ಕುಡಿಯುವುದು ಗಾಳಿಯನ್ನು. ಒಂದು ಲೀಟರ್ ಪೆಟ್ರೋಲ್ ತೂಗಿದರೆ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ. ಅದು ಪೂರ್ತಿ ಉರಿಯಬೇಕಾದರೆ ಅದರ ತೂಕದ ಹದಿನೈದು ಪಟ್ಟು ಗಾಳಿ ಬೇಕು, ಅಂದರೆ ಹತ್ತಿರ ಹತ್ತಿರ 11 ಕಿಲೋ. ಗಾಳಿಗೂ ತೂಕ ಇದೆಯೇ ಎನ್ನಬೇಡಿ. ನಮ್ಮ ಬೆಂಗಳೂರಿನಲ್ಲಿ ಒಂದು ಲೀಟರ್ ಗಾಳಿ ಒಂದು ಗ್ರಾಮಿಗಿಂತ ಚೂರು ಹೆಚ್ಚು ತೂಗುತ್ತದೆ. ಈಗ ಲೆಕ್ಕ ಹಾಕಿ: 11 ಕಿಲೋ ಗಾಳಿ ಎಂದರೆ ಹತ್ತಿರ ಹತ್ತಿರ 10,000 ಲೀಟರ್! ಮನೆ ಮನೆಯ ತಾರಸಿ ಮೇಲೆ ಕಪ್ಪಗೆ ಕೂತಿರುತ್ತವಲ್ಲ, ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕುಗಳು, ಅಂಥ ಹತ್ತು ಟ್ಯಾಂಕು ಗಾಳಿಗೆ ಒಂದೇ ಒಂದು ಬಾಟಲಿ ಪೆಟ್ರೋಲ್.

ಈ ಅಡುಗೆ ಹದ ತಪ್ಪಬಾರದು. ಪೆಟ್ರೋಲ್ ಹೆಚ್ಚಾದರೆ ಕಪ್ಪು ಹೊಗೆ, ಕಡಿಮೆಯಾದರೆ ಕೆಮ್ಮು ಮತ್ತು ಅತಿಯಾದ ಬಿಸಿ. ಜೀಪು ನಿಂತಿರಲಿ, ಏರು ಹತ್ತುತ್ತಿರಲಿ, ಓಡುತ್ತಿರಲಿ, ಪ್ರತಿ ಗಳಿಗೆಯೂ ಅಳತೆ ಮಾಡಿ ಬಡಿಸಬೇಕು. ಈಗಿನ ಗಾಡಿಗಳಲ್ಲಿ ಅದಕ್ಕೆ ಸೆನ್ಸರು, ಕಂಪ್ಯೂಟರು, ಇಂಜೆಕ್ಟರು ಇವೆ. ತಾತನ ಜೀಪಿನಲ್ಲಿ ಒಂದು ವೈರೂ ಇಲ್ಲದ, ಅಂಗೈಯಲ್ಲಿ ಕೂರುವ ಲೋಹದ ಡಬ್ಬಿಯೊಂದು ಆ ಕೆಲಸವನ್ನೆಲ್ಲ ಮಾಡುತ್ತದೆ. ಅದೇ ಕಾರ್ಬೊರೇಟರ್. ಗಾಳಿಯ ಓಟವನ್ನೇ ನೋಡಿಕೊಂಡು ಅದು ಪೆಟ್ರೋಲ್ ಅಳೆಯುತ್ತದೆ. ನನಗಂತೂ ಮನುಷ್ಯ ಮಾಡಿದ ಅತಿ ಚೆಂದದ ಯಂತ್ರಗಳಲ್ಲಿ ಇದೂ ಒಂದು ಅನಿಸುತ್ತದೆ.

ಹೇಗೆ ಅಳೆಯುತ್ತದೆ? ಸಂಜೆ ಉತ್ತರಹಳ್ಳಿ ಮುಖ್ಯರಸ್ತೆಯನ್ನು ನೆನೆಸಿಕೊಳ್ಳಿ. ರಸ್ತೆ ಎಲ್ಲಿ ಕಿರಿದಾಗುತ್ತದೋ ಅಲ್ಲಿ ಬಸ್ಸು, ಆಟೋ, ಬೈಕು ಎಲ್ಲ ನಿಧಾನವಾಗುತ್ತವೆ. ನದಿ ಹಾಗಲ್ಲ. ಕನಕಪುರ ರಸ್ತೆ ಹಿಡಿದು ಮೇಕೆದಾಟಿಗೆ ಹೋಗಿದ್ದೀರಾ? ಸಂಗಮದ ಹತ್ತಿರ ಕಾವೇರಿ ಅಗಲವಾಗಿ, ಸಮಾಧಾನವಾಗಿ ಹರಿಯುತ್ತಾಳೆ. ಮೂರ್ನಾಲ್ಕು ಕಿಲೋಮೀಟರ್ ಕೆಳಗೆ ಬಂಡೆಗಳ ನಡುವಿನ ಸಂದಿಯಲ್ಲಿ ಅದೇ ಕಾವೇರಿ ಭೋರ್ಗರೆದು ನುಗ್ಗುತ್ತಾಳೆ. ಬಸ್ಸಿಗೆ ಬ್ರೇಕ್ ಇದೆ, ನೀರಿಗಿಲ್ಲ. ಹಿಂದಿನಿಂದ ನೀರು ಬರುತ್ತಲೇ ಇರುವಾಗ ಕಿರಿದಾದ ಜಾಗದಲ್ಲಿ ಅಷ್ಟೂ ನೀರು ದಾಟಬೇಕಾದರೆ ಬೇಗ ಬೇಗ ಓಡಲೇಬೇಕು.

ಗಾಳಿಯೂ ಹಾಗೇ. ಕಾರ್ಬೊರೇಟರ್ ಒಳಗೆ ಒಂದು ಕೊಳವೆ ಇದೆ, ಅದೇ ಅದರ ಗಂಟಲು. ಮೇಲೆ ಅಗಲ, ನಡುವೆ ಕಿರಿದು, ಕೆಳಗೆ ಮತ್ತೆ ಅಗಲ, ಥೇಟ್ ಡಮರುಗದ ಹಾಗೆ. ಆ ಸಣ್ಣ ನಡುವೇ ಅದರ ಮೇಕೆದಾಟು. ಇಂಜಿನ್ ಉಸಿರೆಳೆದಾಗ ಗಾಳಿ ಅಲ್ಲಿ ಭರ್ರೆಂದು ಓಡುತ್ತದೆ. ಆ ವೇಗಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬಂತು? ಗಾಳಿಯ ಒತ್ತಡದಿಂದಲೇ. ಆದ್ದರಿಂದ ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಹರಿಯುವ ದ್ರವಗಳ ಈ ಗುಣದ ಬಗ್ಗೆ ಡೇನಿಯಲ್ ಬರ್ನೌಲಿ 1738ರಲ್ಲಿ ಪುಸ್ತಕ ಬರೆದ. ಕಿರಿದಾಗುವ ಕೊಳವೆಗಳನ್ನು ಪರೀಕ್ಷಿಸಿ ಇಟಲಿಯ ಜೊವಾನಿ ವೆಂಚುರಿ 1797ರಲ್ಲಿ ತನ್ನ ಕೆಲಸ ಪ್ರಕಟಿಸಿದ. ಅದಕ್ಕೇ ಆ ಸಣ್ಣ ನಡುವಿಗೆ ಇಂದಿಗೂ ಅವನ ಹೆಸರು, ವೆಂಚುರಿ. 1893ರ ಹೊತ್ತಿಗೆ ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಪೆಟ್ರೋಲನ್ನು ತುಂತುರಾಗಿ ಚಿಮ್ಮಿಸುವ ಕಾರ್ಬೊರೇಟರ್ ಮಾಡಿದ್ದ.

ಪೆಟ್ರೋಲ್ ತರುವ ನಳಿಕೆಯ ಬಾಯಿ ಈ ಸಣ್ಣ ನಡುವಿನಲ್ಲೇ ತೆರೆಯುತ್ತದೆ, ಅಲ್ಲಿ ಒತ್ತಡ ಇಳಿದಾಗ ಪೆಟ್ರೋಲ್ ಮೇಲೇರುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಪೆಟ್ರೋಲ್ ಹತ್ತಿರ ಮಾತ್ರ ಹೋಗಬೇಡಿ, ಅದರ ಆವಿಗೂ ಬೆಂಕಿ ಹತ್ತುತ್ತದೆ. ನೀರೇ ಸಾಕು. ಲೋಟ ತುಂಬ ನೀರು ತೆಗೆದುಕೊಂಡು ಒಂದು ಸ್ಟ್ರಾ ನೆಟ್ಟಗೆ ಹಿಡಿಯಿರಿ, ಅದರ ತುದಿ ನೀರಿನಿಂದ ಎರಡು ಸೆಂಟಿಮೀಟರ್ ಮೇಲಿರಲಿ. ಇನ್ನೊಂದು ಸ್ಟ್ರಾ ಬಾಯಲ್ಲಿಟ್ಟು, ಮೊದಲನೆಯದರ ತುದಿಗೆ ಅಡ್ಡಲಾಗಿ ಜೋರಾಗಿ ಊದಿ. ಊದಿದ ಗಾಳಿ ಸ್ಟ್ರಾ ಬಾಯಿಯ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ, ಅಲ್ಲಿ ಒತ್ತಡ ತಗ್ಗುತ್ತದೆ, ಲೋಟದ ನೀರಿನ ಮೇಲಿರುವ ಗಾಳಿ ನೀರನ್ನು ಒತ್ತಿ ಸ್ಟ್ರಾದೊಳಗೆ ಏರಿಸುತ್ತದೆ. ತುದಿಗೆ ಬಂದ ನೀರು ಹನಿ ಹನಿಯಾಗಿ ಚದುರುತ್ತದೆ. ಗೋಡೆ ಒದ್ದೆಯಾದರೆ ಅಮ್ಮನ ಹತ್ತಿರ ನನ್ನ ಹೆಸರು ಹೇಳಿ. ಈಗ ಸ್ಟ್ರಾವನ್ನು ಇನ್ನೂ ಮೇಲೆತ್ತಿ, ನೀರಿನಿಂದ ಏಳೆಂಟು ಸೆಂಟಿಮೀಟರ್ ಎತ್ತರಕ್ಕೆ. ಎಷ್ಟು ಊದಿದರೂ ನೀರು ತುದಿ ಮುಟ್ಟುವುದು ಕಷ್ಟ. ಈ ಸೋಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ತಾತನ ಹಳೇ ಕಾರ್ಬೊರೇಟರಿಗೆ ಏನಾಗಿತ್ತು? ಮೆಕ್ಯಾನಿಕ್ ಅಣ್ಣ ಅದನ್ನು ಬಿಚ್ಚಿ ನಮಗೆಲ್ಲ ತೋರಿಸಿದ. ಕೊಳವೆಯ ಕೆಳಗೆ ದುಂಡನೆಯ ಒಂದು ಬಾಗಿಲಿದೆ. ಆಕ್ಸಿಲರೇಟರ್ ಒತ್ತಿದಷ್ಟು ಅದು ತೆರೆಯುತ್ತದೆ. ಆ ಬಾಗಿಲು ತಿರುಗುವ ಕಡ್ಡಿಯನ್ನು ಅಣ್ಣ ಬೆರಳಲ್ಲಿ ಅಲ್ಲಾಡಿಸಿದ, ಟಕಟಕ ಎಂದಿತು. “ಆಟ ಬಂದಿದೆ ನೋಡಿ, ಇಲ್ಲಿಂದ ಏರ್ ಎಳೀತಿದೆ” ಎಂದ. ಎಳನೀರು ಕುಡಿಯುವಾಗ ಸ್ಟ್ರಾ ಸೀಳಿದ್ದರೆ ಏನಾಗುತ್ತದೆ? ಎಷ್ಟು ಎಳೆದರೂ ಬರೀ ಗಾಳಿ. ಇಂಜಿನ್ನಿಗೂ ಅದೇ ಪಾಡು. ಬಾಗಿಲು ದೊಡ್ಡದಾಗಿ ತೆರೆದಾಗ ಕಳ್ಳಗಾಳಿ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ಬಾಗಿಲು ಮುಚ್ಚಿ ಸ್ಲೋ ಸ್ಪೀಡಿಗೆ ಬಂದಾಗ ಅದೇ ದೊಡ್ಡ ಪಾಲಾಗಿ ಬಿಡುತ್ತದೆ, ಇಂಜಿನ್ ಆರಿಹೋಗುತ್ತದೆ. ಪೆಟ್ರೋಲ್ ಹಾದುಬರುವ ಸಣ್ಣ ತೂತಿನ ಜೆಟ್ಟಿನಲ್ಲಿ ಬರೀ ಕಸ ಕೂತಿದ್ದರೆ ತೊಳೆದು, ಪ್ಯಾಕಿಂಗ್ ಬದಲಾಯಿಸಿದರೆ ಸಾಕಾಗುತ್ತಿತ್ತು. ಮೊದಲು ತೊಳೆದೂ ನೋಡಿದ್ದ ಅಣ್ಣ, ಅದು ಒಳ್ಳೆಯ ಕ್ರಮ. ಕಡ್ಡಿ ಕೂರುವ ತೂತೇ ಅಗಲವಾದ ಮೇಲೆ ತೊಳೆದು ಪ್ರಯೋಜನವಿಲ್ಲ.

ಸರಿ, ಹೊಸದು ಬೇಕು. ಯಾವುದು? ಅದಕ್ಕೆ ಈ ಇಂಜಿನ್ ಎಷ್ಟು ಉಸಿರಾಡುತ್ತದೆ ಎಂದು ಗೊತ್ತಾಗಬೇಕು. ತಾತನ ಜೀಪಿನ ಬಾನೆಟ್ ಎತ್ತರವಾಗಿದೆ, ಅದೇ ಒಂದು ಸುಳಿವು. ಎರಡನೇ ಮಹಾಯುದ್ಧಕ್ಕೆಂದು 1941ರಿಂದ 1945ರವರೆಗೆ ಅಮೆರಿಕದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು, ಅವುಗಳ ಬಾನೆಟ್ ತಗ್ಗು. ಆಮೇಲೆ 1953ರಲ್ಲಿ ವಿಲ್ಲೀಸ್ ಕಂಪನಿ ಸಿಜೆ 3ಬಿ ಎಂಬ ಜೀಪಿನಲ್ಲಿ ‘ಹರಿಕೇನ್’ ಎಂಬ ಇಂಜಿನ್ ಕೂರಿಸಿತು. ಗಾಳಿ ಒಳಗೆ ಬರುವ ವಾಲ್ವುಗಳು ಅದರಲ್ಲಿ ತಲೆಯ ಮೇಲೇ ಇದ್ದುದರಿಂದ ಇಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ಇದೇ ಎತ್ತರ ಬಾನೆಟ್ಟಿನ ಜೀಪುಗಳನ್ನು ವರ್ಷಾನುಗಟ್ಟಲೆ ಮಾಡಿತು. ಮಲೆನಾಡು, ಕೊಡಗಿನ ತೋಟಗಳಲ್ಲಿ ಇವು ಇಂದಿಗೂ ಕಣ್ಣಿಗೆ ಬೀಳುತ್ತವೆ.

ಈ ಹರಿಕೇನ್ ಇಂಜಿನ್ನಿನ ನಾಲ್ಕು ಸಿಲಿಂಡರಿನ ಹೊಟ್ಟೆ ಸೇರಿಸಿದರೆ ಸುಮಾರು 2.2 ಲೀಟರ್. ಎರಡು ಸುತ್ತಿಗೆ ಒಂದು ಸಲ ಅದು ಪೂರ್ತಿ ಉಸಿರೆಳೆಯುತ್ತದೆ. ಅಂದರೆ ಪ್ರತಿ ಸುತ್ತಿಗೆ 1.1 ಲೀಟರ್. ನಿಮಿಷಕ್ಕೆ 4,000 ಸುತ್ತು ತಿರುಗಿದರೆ 4,400 ಲೀಟರ್ ಆಗಬೇಕು, ಆದರೆ ಅವಸರದಲ್ಲಿ ಹೊಟ್ಟೆ ಪೂರ್ತಿ ತುಂಬುವುದಿಲ್ಲ, ಮುಕ್ಕಾಲು ಪಾಲು ಎಂದಿಟ್ಟುಕೊಳ್ಳಿ: 3,300 ಲೀಟರ್. ಸುಮ್ಮನೆ ಕೂತ ದೊಡ್ಡವರೊಬ್ಬರು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಉಸಿರಾಡುತ್ತಾರೆ. ಹಾಗಾದರೆ ಈ ಒಂದು ಜೀಪಿನ ಉಸಿರು ನಾನೂರಕ್ಕೂ ಹೆಚ್ಚು ಜನರ ಉಸಿರಿಗೆ ಸಮ!

ಆ ಶನಿವಾರ ತಾತ, ಅಣ್ಣ, ನಾನು, ಪುಟ್ಟಿ ಮತ್ತು ಆ ಹುಡುಗ ಜೆ.ಸಿ. ರಸ್ತೆಗೆ ಹೋದೆವು. ಬೆಂಗಳೂರಿನಲ್ಲಿ ಗಾಡಿಯ ಬಿಡಿಭಾಗ ಬೇಕೆಂದರೆ ಕಾಲು ತಾನಾಗಿ ಅತ್ತ ನಡೆಯುತ್ತದೆ. ಅಂಗಡಿಯವರು ಗಾಜಿನ ಮೇಜಿನ ಮೇಲೆ ಮೂರು ಕಾರ್ಬೊರೇಟರ್ ಇಟ್ಟರು. ಒಂದು ಎರಡು ಗಂಟಲಿನ ದೊಡ್ಡದು, ಹೊಳೆಯುತ್ತಿತ್ತು. ಇನ್ನೊಂದು ಹಳೇ ಪದ್ಮಿನಿ ಕಾರಿನದು. ಮೂರನೆಯದು ಜೀಪಿಗೆಂದೇ ಬರುವ ಒಂದೇ ಗಂಟಲಿನ ಸೋಲೆಕ್ಸ್. ಹುಡುಗನ ಕಣ್ಣು ಮೊದಲನೆಯದರ ಮೇಲೇ ಇತ್ತು. ಅಲ್ಲೇ ಒಂದು ಬಿಲ್ಲಿನ ಹಿಂಬದಿಯಲ್ಲಿ ನಾವು ಲೆಕ್ಕ ಬರೆದೆವು.

ಗಂಟಲಿನ ಸಣ್ಣ ನಡು 26 ಮಿಲಿಮೀಟರ್ ಇದೆ ಎನ್ನೋಣ. ಜೀಪು ಗರಿಷ್ಠ ವೇಗದಲ್ಲಿದ್ದಾಗ ಅಲ್ಲಿ ಗಾಳಿ ಸೆಕೆಂಡಿಗೆ ಸುಮಾರು 100 ಮೀಟರ್ ಓಡುತ್ತದೆ, ಬಹುಪಾಲು ಚಂಡಮಾರುತಗಳು ಇದರ ಮುಂದೆ ನಿಧಾನವೇ. ಇಂಜಿನ್ ಸುತ್ತು 1,000ಕ್ಕೆ ಇಳಿದರೆ ಗಾಳಿಯ ವೇಗ ಕಾಲು ಭಾಗ, ಸೆಕೆಂಡಿಗೆ 25 ಮೀಟರ್. ಆದರೆ ಒತ್ತಡದ ಇಳಿತ ಕಾಲು ಭಾಗವಲ್ಲ, ಕಾಲಿನಲ್ಲೂ ಕಾಲು, ಹದಿನಾರರಲ್ಲಿ ಒಂದು ಪಾಲು! ಅಷ್ಟರಲ್ಲಿ ಪೆಟ್ರೋಲನ್ನು ನಾಲ್ಕೈದು ಸೆಂಟಿಮೀಟರ್ ಮೇಲೇರಿಸಬಹುದು, ಸಾಲುತ್ತದೆ. ಈಗ ಇದರ ಎರಡರಷ್ಟು ವಿಸ್ತಾರದ ಗಂಟಲು ಹಾಕಿ. ಗಾಳಿಯ ವೇಗ ಅರ್ಧವಾಯಿತು, ಎಳೆತ ಮತ್ತೆ ಕಾಲಾಯಿತು. ಪೆಟ್ರೋಲ್ ಏರುವುದು ಒಂದು ಸೆಂಟಿಮೀಟರಿಗೆ ತುಸು ಹೆಚ್ಚು, ಅಷ್ಟೇ. ಪೆಟ್ರೋಲಿನ ಮಟ್ಟ ನಳಿಕೆಯ ಬಾಯಿಗಿಂತ ಯಾವಾಗಲೂ ಕೆಲವು ಮಿಲಿಮೀಟರ್ ಕೆಳಗೇ ಇರುತ್ತದೆ, ಇಲ್ಲದಿದ್ದರೆ ನಿಂತಲ್ಲೇ ಸೋರಿಹೋಗುತ್ತದೆ. ಹಾಗಾದರೆ ಅಷ್ಟು ಸಣ್ಣ ಎಳೆತಕ್ಕೆ ಬರುವುದೆಷ್ಟು? ನೀರಿನಿಂದ ತುಂಬ ಎತ್ತರಕ್ಕೆ ಹಿಡಿದ ಸ್ಟ್ರಾ ನೆನಪಾಯಿತೇ?

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ಹೈವೇಲಿ ಜೋರಾಗಿ ಹೋಗೋ ಗಾಡಿಗೆ ದೊಡ್ಡದು ಸರಿ ಇರಬಹುದು ಅಲ್ವಾ?” ಎಂದ. ಅವನು ಹೇಳಿದ್ದು ನಿಜ. ಆದರೆ ಜೀಪಿನ ನಿಜವಾದ ಕೆಲಸ ಇರುವುದು ನಿಧಾನದಲ್ಲಿ. ತೋಟದ ಕಲ್ಲುದಾರಿಯಲ್ಲಿ, ಮಳೆಗಾಲದ ಕೆಸರಿನಲ್ಲಿ, ಕಡಿದಾದ ಏರಿನಲ್ಲಿ ಅದು ಆಮೆಯ ಹಾಗೆ ಹೋಗುತ್ತದೆ. ಆಗ ಇಂಜಿನ್ ಕಡಿಮೆ ಸುತ್ತಿನಲ್ಲಿ ಜೋರು ಎಳೆಯಬೇಕು. ಅಲ್ಲಿ ಪೆಟ್ರೋಲ್ ಹನಿ ತಡಮಾಡಿದರೆ ಜೀಪು ಏರಿನ ನಡುವೆಯೇ ನಿಲ್ಲುತ್ತದೆ. ಅದಕ್ಕೇ ಇಂಥ ಗಾಡಿಗೆ ಸಣ್ಣ ಗಂಟಲೇ ಜಾಣತನ. ಗರಿಷ್ಠ ವೇಗ ಎಲ್ಲೋ ನಾಲ್ಕು ಕಿಲೋಮೀಟರ್ ಕಡಿಮೆಯಾದರೆ ಆಗಲಿ. ಹಾಗೆಂದು ಪದ್ಮಿನಿಯದು ಸರಿಹೋಗುತ್ತದೆಯೇ? ಆ ಕಾರಿನ ಇಂಜಿನ್ 1,089 ಸಿಸಿ, ಅಂದರೆ ಜೀಪಿನ ಅರ್ಧದಷ್ಟೇ ಉಸಿರು. ಅದರ ಗಂಟಲು, ಜೆಟ್ಟು ಎಲ್ಲ ಆ ಉಸಿರಿಗೆ ಅಳೆದು ಮಾಡಿದ್ದು. ನಿಧಾನದಲ್ಲಿ ಹೇಗೋ ನಡೆಸೀತು, ಭಾರ ಬಿದ್ದಾಗ ಜೀಪಿಗೆ ಉಸಿರು ಕಟ್ಟುತ್ತದೆ.

ಏರಿನ ಮಾತು ಬಂತಲ್ಲ, ಇನ್ನೊಂದು ವಿಷಯವಿದೆ. ತಾರಸಿಯ ಟ್ಯಾಂಕಿನಲ್ಲಿ ನೀರು ತುಂಬಿದ ಕೂಡಲೇ ತೇಲುವ ಚೆಂಡೊಂದು ಮೇಲೆದ್ದು ನಲ್ಲಿ ಮುಚ್ಚುತ್ತದೆ, ನೋಡಿದ್ದೀರಾ? ಕಾರ್ಬೊರೇಟರ್ ಪಕ್ಕದಲ್ಲೂ ಅಂಥದೇ ಪುಟ್ಟ ತೊಟ್ಟಿ, ಅದರಲ್ಲಿ ಫ್ಲೋಟು, ಅದರ ತಲೆ ಮೇಲೆ ಸೂಜಿಯಂಥ ವಾಲ್ವು. ಪೆಟ್ರೋಲಿನ ಮಟ್ಟ ಕಾಯುವುದೇ ಅದರ ಕೆಲಸ. ಈಗ ಲೋಟದ ನೀರನ್ನು ಓರೆ ಮಾಡಿ ನೋಡಿ. ನೀರಿನ ಮೇಲ್ಮೈ ನೆಲಕ್ಕೆ ಸಮವಾಗಿಯೇ ಇರುತ್ತದೆ, ಆದರೆ ಲೋಟದ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ. ಜೀಪು ಏರು ಹತ್ತುವಾಗ ತೊಟ್ಟಿಯಲ್ಲೂ ಹೀಗೇ. ತೊಟ್ಟಿ ನಳಿಕೆಯಿಂದ ದೂರವಿದ್ದಷ್ಟೂ ಈ ಏರುಪೇರು ಜಾಸ್ತಿ. ಒಂದು ದಿಕ್ಕಿನ ಓರೆಯಲ್ಲಿ ಪೆಟ್ರೋಲ್ ಉಕ್ಕಿ ಇಂಜಿನ್ ಕಟ್ಟಿಕೊಳ್ಳುತ್ತದೆ, ಇನ್ನೊಂದರಲ್ಲಿ ಒಣಗುತ್ತದೆ. ಕಾರಿಗೆ ಮಾಡಿದ ಕಾರ್ಬೊರೇಟರ್ ಸಮತಟ್ಟಾದ ಟಾರು ರಸ್ತೆಗೆ ಸಾಕು, ಬೆಟ್ಟಕ್ಕೆ ಹೋಗುವ ಗಾಡಿಗೆ ಕೊಳ್ಳುವಾಗ ತೊಟ್ಟಿ ಯಾವ ಕಡೆ ಕೂರುತ್ತದೆ ಎಂದು ನೋಡಲೇಬೇಕು. ಅಣ್ಣ ಸೋಲೆಕ್ಸನ್ನು ಅಂಗೈಯಲ್ಲಿ ಹಿಂದಕ್ಕೆ, ಮುಂದಕ್ಕೆ, ಪಕ್ಕಕ್ಕೆ ವಾಲಿಸಿ ನೋಡಿದ. ಹಳೆಯದನ್ನೂ ಚೀಲದಲ್ಲಿ ತಂದಿದ್ದ. ಎರಡರ ತಳ ಒಂದಕ್ಕೊಂದು ಇಟ್ಟು ಬೋಲ್ಟಿನ ತೂತು ಸರಿಹೊಂದುತ್ತವೆಯೇ, ಆಕ್ಸಿಲರೇಟರ್ ಕಡ್ಡಿ ಎಟುಕುತ್ತದೆಯೇ ಎಂದೂ ಪರೀಕ್ಷಿಸಿದ.

ತಾತ ಕೇಳಿದ ಪ್ರಶ್ನೆ ಮಾತ್ರ ನಮ್ಮ ಕಾಲದ್ದು. “ಒಳಗಿನ ರಬ್ಬರು, ಪ್ಯಾಕಿಂಗು ಎಥನಾಲ್ ತಡೆಯುತ್ತೇನಪ್ಪಾ?” ಕಬ್ಬು, ಧಾನ್ಯಗಳಿಂದ ಮಾಡಿದ ಎಥನಾಲನ್ನು ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಂತೆ ಬೆರೆಸಿದ ಇ20 ಇಂಧನ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, ಭಾರತ ಇಂಧನ ಸಪ್ತಾಹದಲ್ಲಿ. ಈಗ ಬಂಕುಗಳಲ್ಲಿ ಸಿಗುವುದು ಅದೇ. ಹಳೇ ಕಾಲದ ರಬ್ಬರು, ಬೆಂಡಿನ ಪ್ಯಾಕಿಂಗುಗಳು ಅದರಲ್ಲಿ ನೆಂದು ಊದಿಕೊಳ್ಳುತ್ತವೆ, ಇಲ್ಲವೇ ಪುಡಿಯಾಗುತ್ತವೆ. ಎಥನಾಲಿನೊಳಗೆ ಮೊದಲೇ ಸ್ವಲ್ಪ ಆಮ್ಲಜನಕ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಇಂಧನ ನೂರಕ್ಕೆ ಏಳೆಂಟು ಪಾಲು ಹೆಚ್ಚು ಬೇಕು.

ಇಲ್ಲೇ ನಮ್ಮೂರಿನ ಎತ್ತರ ಒಂದು ಚಿಕ್ಕ ಉಪಕಾರ ಮಾಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಮಂಗಳೂರಿನ ಕಡಲತೀರಕ್ಕಿಂತ ಇಲ್ಲಿಯ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳು. ಕಾರ್ಬೊರೇಟರಿಗೆ ಇದು ಪೂರ್ತಿ ಗೊತ್ತಾಗುವುದಿಲ್ಲ. ತೆಳು ಗಾಳಿಗೆ ಬೇಕಾದ್ದಕ್ಕಿಂತ ನೂರಕ್ಕೆ ಐದರಷ್ಟು ಪೆಟ್ರೋಲ್ ಹೆಚ್ಚಾಗಿ ಬಡಿಸಿಬಿಡುತ್ತದೆ. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯ ಮೇಲೆ ಇದು ಹೆಚ್ಚುಕಡಿಮೆ ಹತ್ತಾಗುತ್ತದೆ. ಎಥನಾಲ್ ಹೆಚ್ಚು ಕೇಳುತ್ತದೆ, ಎತ್ತರ ಹೆಚ್ಚು ಕೊಡುತ್ತದೆ, ಬೆಂಗಳೂರಿನಲ್ಲಿ ಎರಡೂ ಬಹುಪಾಲು ಸರಿತೂಗುತ್ತವೆ. ಪುಟ್ಟಿಗೆ ಇದು ಬಹಳ ಇಷ್ಟವಾಯಿತು, ಎರಡು ಕೈಗಳನ್ನು ತಕ್ಕಡಿಯ ಹಾಗೆ ಹಿಡಿದು ತೋರಿಸಿದಳು.

ಸೋಲೆಕ್ಸ್ ಮನೆಗೆ ಬಂತು. ಅಣ್ಣ ಅದರ ಮೈನ್ ಜೆಟ್ ಬಿಚ್ಚಿ ಪುಟ್ಟಿಯ ಅಂಗೈ ಮೇಲಿಟ್ಟ. ಹಿತ್ತಾಳೆಯ ಪುಟ್ಟ ಸ್ಕ್ರೂ, ನಡುವೆ ಕೂದಲಿನಂಥ ಬೆಳಕು ಕಾಣುವ ತೂತು, ಮೇಲೆ 130 ಎಂಬ ಅಂಕಿ. ತೂತಿನ ಅಡ್ಡಳತೆ 1.30 ಮಿಲಿಮೀಟರ್ ಎಂದು ಅರ್ಥ. ಅದರ ಪಕ್ಕ 135ರ ಇನ್ನೊಂದು ಜೆಟ್ಟನ್ನೂ ಇಟ್ಟ. ಬರಿಗಣ್ಣಿಗೆ ಎರಡೂ ಒಂದೇ. ವ್ಯತ್ಯಾಸ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ, ಆದರೆ ತೂತಿನ ವಿಸ್ತಾರ ನೂರಕ್ಕೆ ಹೆಚ್ಚುಕಡಿಮೆ ಎಂಟು ಪಾಲು ಹೆಚ್ಚುತ್ತದೆ. 130ನ್ನೇ ಮತ್ತೆ ತಿರುಗಿಸಿ ಕೂರಿಸಿ, ಕಾರ್ಬೊರೇಟರ್ ಬಿಗಿದು, ತಣ್ಣಗಿನ ಇಂಜಿನ್ನಿಗೆ ಗಾಳಿ ತಗ್ಗಿಸುವ ಚೋಕ್ ಎಳೆದು ಸ್ಟಾರ್ಟ್ ಮಾಡಿದರು. ಜೀಪು ಒಮ್ಮೆ ಸೀನಿತು. ಎರಡನೇ ಸಲಕ್ಕೆ ಹಿಡಿದುಕೊಂಡಿತು. ಬಿಸಿಯಾದ ಮೇಲೆ ಅಣ್ಣ ಚೋಕ್ ಒಳಗೆ ತಳ್ಳಿ, ಸ್ಲೋ ಸ್ಪೀಡಿನ ಸ್ಕ್ರೂವನ್ನು ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸುತ್ತ ಕಣ್ಣು ಮುಚ್ಚಿ ಕೇಳಿದ. ತಾತ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಇಂಜಿನ್ ಆರಲಿಲ್ಲ. ಟುಕುಟುಕು ಎಂದು ಒಂದೇ ಲಯದಲ್ಲಿ ಉಸಿರಾಡುತ್ತ ನಿಂತಿತು.

“ತಾತ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗ್ತೀರಾ?” ಎಂದು ಪುಟ್ಟಿ ಕೇಳಿದಳು. ಮಳೆಗಾಲ ಮುಗಿಯಲಿ, ಹೋಗುವುದೇ ಎಂದರು ತಾತ. ಅವಳು 135ರ ಜೆಟ್ಟನ್ನು ಕಾಗದದಲ್ಲಿ ಸುತ್ತಿ, ಮೇಲೆ ಪೆನ್ಸಿಲಿನಿಂದ ‘ಸಮುದ್ರದ ಹತ್ತಿರ ಹಾಕಲು’ ಎಂದು ಬರೆದು, ಜೀಪಿನ ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರುಗಳ ಪಕ್ಕ ಇಟ್ಟಳು.